ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆದ ಮೇಲೆ ಸ್ಕ್ರೀನ್ ಕಪ್ಪು: ಲೋಗೋ ಬರುತ್ತೆ, ಆಮೇಲೆ ಏನೂ ಇಲ್ಲ

ಮಸಿಮಾನಿಟರ್

ಡೆಸ್ಕ್‌ಟಾಪ್. ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿದ್ದು, ನೂರು ಪರ್ಸೆಂಟ್ ತೋರಿಸಿ ಮೂರು ಸಲ ತಾನಾಗೇ ರೀಸ್ಟಾರ್ಟ್ ಆಯಿತು. ಈಗ ಆನ್ ಮಾಡಿದರೆ ಮದರ್‌ಬೋರ್ಡ್ ಲೋಗೋ ಬರುತ್ತೆ, ಕೆಳಗಿನ ಚಕ್ರ ಐದಾರು ಸೆಕೆಂಡ್ ಸುತ್ತುತ್ತೆ, ಅಲ್ಲಿಂದ ಕಪ್ಪು. ಮೌಸ್ ಬಾಣವೂ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಡಿಸ್‌ಪ್ಲೇಪೋರ್ಟ್ ಕೇಬಲ್. ಫೈಲ್‌ಗಳಿಗೆ ಬ್ಯಾಕಪ್ ಇಲ್ಲ. ಫಾರ್ಮ್ಯಾಟ್ ಹೊಡೆಯದೆ ದಾರಿ ಇದೆಯಾ?

ಬೂಟುಗಾರ

ಇದೆ. ಫಾರ್ಮ್ಯಾಟ್ ಮಾತು ಸದ್ಯಕ್ಕೆ ಬಿಡಿ.

'ಸ್ಕ್ರೀನ್ ಕಪ್ಪು' ಅನ್ನುವುದು 'ಹೊಟ್ಟೆನೋವು' ಅಂದ ಹಾಗೆ. ಎಲ್ಲಿ, ಯಾವಾಗ ಅನ್ನುವುದು ಗೊತ್ತಾಗದೆ ಮದ್ದು ಹೇಳುವುದಕ್ಕಾಗಲ್ಲ. ಆನ್ ಮಾಡಿದ ಕ್ಷಣದಿಂದಲೇ ಕಪ್ಪಾಗಿದ್ದರೆ ಫರ್ಮ್‌ವೇರ್ (ಮದರ್‌ಬೋರ್ಡ್ ಒಳಗಿನ ಪ್ರೋಗ್ರಾಮ್), ಕಾರ್ಡ್ ಅಥವಾ ಕೇಬಲ್ ಕಡೆ ನೋಡಬೇಕು. ಲೋಗೋ ಬಂದು ಆಮೇಲೆ ಕಪ್ಪಾದರೆ ಹೆಚ್ಚಿನಂಶ ಡಿಸ್‌ಪ್ಲೇ ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡ್ ನಡೆಸುವ ಪ್ರೋಗ್ರಾಮ್. ಲಾಗಿನ್ ಆದ ಮೇಲೆ ಬಾಣ ಮಾತ್ರ ಉಳಿದು ಮಿಕ್ಕದ್ದು ಕಪ್ಪಾದರೆ ಎಕ್ಸ್‌ಪ್ಲೋರರ್, ಅಂದರೆ ಡೆಸ್ಕ್‌ಟಾಪ್, ಟಾಸ್ಕ್‌ಬಾರ್ ತೋರಿಸುವ ಪ್ರೋಗ್ರಾಮ್. ನಿಮ್ಮದು ಎರಡನೇ ಜಾತಿ ಅಂತ ಅನುಮಾನ, ಆದರೂ ಖಚಿತ ಮಾಡಿಕೊಳ್ಳೋಣ.

ಕಪ್ಪಾದ ಮೇಲೆ ಎರಡು ನಿಮಿಷ ಸುಮ್ಮನೆ ಬಿಟ್ಟು ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ವಿಂಡೋಸ್ ಒಳಗೆ ಜೀವಂತ ಇದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಆಮೇಲೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು 'ಬಿ' ಒತ್ತಿ. ಇದು ಗ್ರಾಫಿಕ್ಸ್ ಡ್ರೈವರ್ ಅನ್ನು ಮಾತ್ರ ಮತ್ತೆ ಶುರು ಮಾಡುತ್ತೆ, ತೆರೆದಿರುವ ಯಾವ ಪ್ರೋಗ್ರಾಮೂ ಮುಚ್ಚುವುದಿಲ್ಲ. ಸ್ಪೀಕರ್ ಇದ್ದರೆ ಒಂದು ಸಣ್ಣ ಬೀಪ್ ಕೇಳುತ್ತೆ. ಏನಾಯಿತು ಅಂತ ಬರೆಯಿರಿ.

ಇನ್ನೊಂದು: ಚಕ್ರದ ಹೊತ್ತಲ್ಲಿ ಡಿಸ್ಕ್ ಲೈಟ್ ಮಿನುಗುತ್ತಿದ್ದರೆ ಪವರ್ ಬಟನ್ ಮುಟ್ಟಬೇಡಿ. ಅಪ್‌ಗ್ರೇಡ್‌ನ ಕೊನೇ ಹಂತದಲ್ಲಿ ಸ್ಕ್ರೀನ್ ಹತ್ತಿಪ್ಪತ್ತು ನಿಮಿಷ ಕಪ್ಪಾಗಿರುವುದುಂಟು, ಹಾರ್ಡ್ ಡಿಸ್ಕ್ ಆದರೆ ಇನ್ನೂ ಹೆಚ್ಚು. ಮಧ್ಯದಲ್ಲಿ ಕಿತ್ತರೆ ಇಲ್ಲದ ರೋಗ ಹುಟ್ಟುತ್ತೆ.

ತಂತಿತಜ್ಞ

ಅದಕ್ಕೂ ಮುಂಚೆ ಒಂದು ಮಾತು ಸರ್. ಕೇಬಲ್ ಕಾರ್ಡ್‌ನ ಪೋರ್ಟ್‌ನಲ್ಲೇ ಇದೆಯಾ, ಮದರ್‌ಬೋರ್ಡ್ ಪೋರ್ಟ್‌ನಲ್ಲಾ? ಕ್ಯಾಬಿನೆಟ್ ಹಿಂದೆ ಪೋರ್ಟ್‌ಗಳು ಉದ್ದಕ್ಕೆ ನಿಂತಿದ್ದರೆ ಮದರ್‌ಬೋರ್ಡ್‌ದು, ಕೆಳಗೆ ಅಡ್ಡಡ್ಡ ಮಲಗಿದ್ದರೆ ಕಾರ್ಡ್‌ದು. ಎರಡು ಮಾನಿಟರ್ ಅಥವಾ ಟಿವಿ ಸಿಕ್ಕಿಸಿದ್ದರೆ ಒಂದನ್ನೇ ಉಳಿಸಿ. ಅಪ್‌ಗ್ರೇಡ್ ಆದ ಮೇಲೆ ಮುಖ್ಯ ಡಿಸ್‌ಪ್ಲೇ ಯಾವುದು ಅನ್ನುವ ಲೆಕ್ಕ ತಪ್ಪಿ, ಚಿತ್ರವೆಲ್ಲ ಆಫ್ ಆಗಿರುವ ಟಿವಿಗೆ ಹೋಗಿ ಕೂತಿರುತ್ತೆ.

ಅದೇ ಅನುಮಾನವಿದ್ದರೆ ಕಣ್ಣು ಮುಚ್ಚಿಕೊಂಡೇ ಲಾಗಿನ್ ಆಗಬಹುದು: ಸ್ಪೇಸ್ ಒತ್ತಿ, ಎರಡು ಸೆಕೆಂಡ್ ಬಿಟ್ಟು ಪಾಸ್‌ವರ್ಡ್ ಹೊಡೆದು ಎಂಟರ್. ಅರ್ಧ ನಿಮಿಷದ ನಂತರ ವಿಂಡೋಸ್ ಕೀ ಜೊತೆ 'ಪಿ', ಆಮೇಲೆ ಕೆಳಬಾಣ ಒಂದು ಸಲ, ಎಂಟರ್. ಚಿತ್ರ ಬರದಿದ್ದರೆ ಇದನ್ನೇ ಇನ್ನು ಮೂರು ಸಲ. ಆಯ್ಕೆ ಇರುವುದೇ ನಾಲ್ಕು, ಯಾವುದಾದರೊಂದರಲ್ಲಿ ಬರಬೇಕು.

ಮಸಿಮಾನಿಟರ್

ಕ್ಯಾಪ್ಸ್ ಲಾಕ್ ದೀಪ ಹತ್ತುತ್ತೆ, ಆರುತ್ತೆ. ಬೀಪ್ ಕೇಳಿಸಿತು, ಚಿತ್ರ ಬರಲಿಲ್ಲ. ಕೇಬಲ್ ಕಾರ್ಡ್‌ನಲ್ಲೇ ಇದೆ, ಒಂದೇ ಮಾನಿಟರ್. ಎಚ್‌ಡಿಎಂಐ ಕೇಬಲ್ ಹಾಕಿ ನೋಡಿದೆ, ಅದೇ ಕಥೆ. ಪ್ರಾಸೆಸರ್ ಹೆಸರಿನ ಕೊನೆಗೆ 'ಎಫ್' ಇದೆ, ಮದರ್‌ಬೋರ್ಡ್ ಪೋರ್ಟ್‌ಗೆ ಹಾಕಿದರೆ ಏನೂ ಬರುವುದಿಲ್ಲ. ವಿಂಡೋಸ್ ಕೀ, ಪಿ ನಾಲ್ಕೂ ಸಲ ಮಾಡಿದೆ. ಉಪಯೋಗವಿಲ್ಲ.

ಬೂಟುಗಾರ

ಇಂಟೆಲ್‌ನಲ್ಲಿ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತಲೇ ಅರ್ಥ, ಮದರ್‌ಬೋರ್ಡ್ ಪೋರ್ಟ್ ನಿಮ್ಮ ಪಾಲಿಗೆ ಅಲಂಕಾರ.

ಈಗ ರಿಕವರಿ ಪರದೆಗೆ ಹೋಗಬೇಕು. ಚಕ್ರ ಸುತ್ತಲು ಶುರುವಾದ ತಕ್ಷಣ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಆನ್, ಮತ್ತೆ ಅದೇ ಜಾಗದಲ್ಲಿ ಆಫ್. ಹೀಗೆ ಎರಡು ಮೂರು ಸಲ ಆದ ಮೇಲೆ ಆನ್ ಮಾಡಿ ಸುಮ್ಮನಿದ್ದರೆ 'ಆಟೊಮ್ಯಾಟಿಕ್ ರಿಪೇರ್' ಅಂತ ಬರುತ್ತೆ. ಅಪ್‌ಗ್ರೇಡ್ ಪೂರ್ತಿ ಮುಗಿದು ಡಿಸ್ಕ್ ತಣ್ಣಗಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಇದನ್ನು ಮಾಡಿ. ಅಲ್ಲಿಂದ 'ಅಡ್ವಾನ್ಸ್ಡ್ ಆಪ್ಷನ್ಸ್', 'ಟ್ರಬಲ್‌ಶೂಟ್', ಮತ್ತೆ 'ಅಡ್ವಾನ್ಸ್ಡ್ ಆಪ್ಷನ್ಸ್', 'ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್', 'ರೀಸ್ಟಾರ್ಟ್'. ಒಂದರಿಂದ ಒಂಬತ್ತರವರೆಗೆ ಪಟ್ಟಿ ಬರುತ್ತೆ. ಮೊದಲು 3 ಒತ್ತಿ: ಅದು ಕಡಿಮೆ ರೆಸಲ್ಯೂಷನ್‌ನ ಮೋಡ್. ಅದರಲ್ಲೂ ಕಪ್ಪಾದರೆ ಇನ್ನೊಮ್ಮೆ ಬಂದು 4, ಅಂದರೆ ಕನಿಷ್ಠ ಡ್ರೈವರ್‌ಗಳಿಂದ ಏಳುವ ಸೇಫ್ ಮೋಡ್.

ರಿಕವರಿ ಪರದೆ ನಿಮ್ಮ ಕಣ್ಣಿಗೆ ಕಂಡರೆ ಅರ್ಧ ಪರೀಕ್ಷೆ ಮುಗಿದಂತೆ. ಅದೇ ಕಾರ್ಡ್, ಅದೇ ಕೇಬಲ್, ಅದೇ ಮಾನಿಟರ್‌ನಲ್ಲಿ ಅದು ಬರುವುದು. ಹಾರ್ಡ್‌ವೇರ್ ಬಹುತೇಕ ಸರಿಯಿದೆ ಅಂತಾಯಿತು. ಹೊಸ ಕಾರ್ಡ್ ಕೊಳ್ಳಲು ಹೊರಡಬೇಡಿ.

ಇಲಿಬಾಲ

ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ರಿಕವರಿ ದಾರಿಯಲ್ಲಿ ಹೋದಾಗ 48 ಅಂಕಿಗಳ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರ ಡಿಸ್ಕ್ ಅವರಿಗೇ ಗೊತ್ತಿಲ್ಲದೆ ಎನ್‌ಕ್ರಿಪ್ಟ್ ಆಗಿರುವುದುಂಟು. ಫೋನ್‌ನಲ್ಲಿ ಅದೇ ಖಾತೆಗೆ ಹೋಗಿ 'ಡಿವೈಸಸ್' ಕೆಳಗೆ ಬಿಟ್‌ಲಾಕರ್ ಕೀ ಹುಡುಕಿ. ಒಂದಕ್ಕಿಂತ ಹೆಚ್ಚು ಕೀ ಇದ್ದರೆ, ಸ್ಕ್ರೀನ್ ಮೇಲೆ ಕಾಣುವ 'ಕೀ ಐಡಿ'ಯ ಮೊದಲ 8 ಅಕ್ಷರ ಯಾವುದಕ್ಕೆ ಹೊಂದುತ್ತೋ ಅದೇ ನಿಮ್ಮದು. ಕಾಗದದಲ್ಲಿ ಬರೆದಿಟ್ಟುಕೊಂಡು ಆಮೇಲೆ ಮುಂದುವರಿಯಿರಿ. ಕೀ ಇಲ್ಲದೆ ಬ್ಯಾಕಪ್ಪೂ ಇಲ್ಲದೆ ಬಯೋಸ್ (ಮದರ್‌ಬೋರ್ಡ್ ಫರ್ಮ್‌ವೇರ್) ಸೆಟ್ಟಿಂಗ್ ಬದಲಿಸಲು ಹೋಗುವುದು ಬಾವಿಗಿಳಿದ ಮೇಲೆ ಹಗ್ಗ ಹುಡುಕಿದ ಹಾಗೆ.

ಹಳೆಗಣಕ

ಇಷ್ಟೆಲ್ಲ ಯಾಕೆ? ರಿಕವರಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಎಸ್‌ಎಫ್‌ಸಿ ಸ್ಕ್ಯಾನ್‌ನೌ' ಹೊಡೆದರೆ ಸರಿಹೋಗುತ್ತೆ. ಎಲ್ಲ ಕಡೆ ಇದನ್ನೇ ಹೇಳ್ತಾರೆ.

ಬೂಟುಗಾರ

ಎಲ್ಲ ಕಡೆ ಹೇಳ್ತಾರೆ, ಅದೇ ತೊಂದರೆ. ಎಸ್‌ಎಫ್‌ಸಿ ನೋಡುವುದು ವಿಂಡೋಸ್‌ನ ಸ್ವಂತ ಸಿಸ್ಟಮ್ ಫೈಲ್‌ಗಳನ್ನು. ಕಾರ್ಡ್ ಕಂಪನಿಯ ಡ್ರೈವರ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಡ್ರೈವರ್ ಕೆಟ್ಟಿದ್ದರೂ 'ಯಾವ ದೋಷವೂ ಸಿಗಲಿಲ್ಲ' ಅಂತ ಹೇಳಿ ಕೈತೊಳೆದುಕೊಳ್ಳುತ್ತೆ. ಜೊತೆಗೆ ರಿಕವರಿಯಲ್ಲಿ ಬರಿದೇ ಹೊಡೆದರೆ ನಿಮ್ಮ ವಿಂಡೋಸ್ ಯಾವುದು ಅಂತ ಅದಕ್ಕೆ ತಿಳಿಯದು: ಅಲ್ಲಿ ಓಡುತ್ತಿರುವುದು 'ಎಕ್ಸ್' ಡ್ರೈವ್‌ನ ಪುಟ್ಟ ವಿಂಡೋಸ್. 'ಆಫ್‌ಬೂಟ್‌ಡಿರ್', 'ಆಫ್‌ವಿನ್‌ಡಿರ್' ಎಂಬ ಎರಡು ಸ್ವಿಚ್ ಕೊಟ್ಟು ಡ್ರೈವ್ ತೋರಿಸಬೇಕು. ಆ ಡ್ರೈವ್ ಅಲ್ಲಿ 'ಸಿ' ಆಗಿಲ್ಲದೆ 'ಡಿ' ಅಥವಾ 'ಇ' ಆಗಿರಬಹುದು. 'ಡಿಐಆರ್' ಹೊಡೆದು ವಿಂಡೋಸ್ ಫೋಲ್ಡರ್ ಎಲ್ಲಿದೆ ಅಂತ ನೋಡಿಕೊಳ್ಳಬೇಕು.

ಸಿಸ್ಟಮ್ ಫೈಲ್ ಮೇಲೇ ಅನುಮಾನವಿದ್ದರೆ, ಡೆಸ್ಕ್‌ಟಾಪ್ ಬಂದ ಮೇಲೆ ಮೊದಲು 'ಡಿಸ್ಮ್ ಆನ್‌ಲೈನ್ ಕ್ಲೀನಪ್-ಇಮೇಜ್ ರೀಸ್ಟೋರ್‌ಹೆಲ್ತ್', ಅದು ಮುಗಿದ ಮೇಲೆ ಎಸ್‌ಎಫ್‌ಸಿ. ಕ್ರಮ ತಿರುಗಾಮುರುಗಾ ಆಗಬಾರದು, ಎಸ್‌ಎಫ್‌ಸಿ ಒಳ್ಳೆಯ ಪ್ರತಿಯನ್ನು ತರುವ ಕಣಜವನ್ನೇ ಡಿಸ್ಮ್ ಸರಿಮಾಡುವುದು. (ಓದಲು ಸುಲಭವಾಗಲಿ ಅಂತ ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆಯುತ್ತಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ಎಸ್‌ಎಫ್‌ಸಿ, ಡಿಸ್ಮ್‌ಗಳಲ್ಲಿ ಪ್ರತಿ ಸ್ವಿಚ್‌ನ ಮೊದಲಿಗೆ ಓರೆಗೆರೆ (/) ಬೇಕು.)

ಮಸಿಮಾನಿಟರ್

ರಿಕವರಿ ಪರದೆ ಕಂಡಿತು. ಕೀ ಕೇಳಿತು, ಫೋನ್‌ನಿಂದ ತೆಗೆದು ಹಾಕಿದೆ. 3 ಒತ್ತಿದರೆ ಕಪ್ಪೇ. 4 ಒತ್ತಿದೆ, ಸೇಫ್ ಮೋಡ್ ಬಂತು! ಪಿನ್ ಒಪ್ಪಲಿಲ್ಲ, ಪಾಸ್‌ವರ್ಡ್ ಕೊಟ್ಟೆ. ನಾಲ್ಕು ಮೂಲೆಯಲ್ಲೂ 'ಸೇಫ್ ಮೋಡ್' ಅಂತ ಬಿಳಿ ಅಕ್ಷರ, ಐಕಾನ್‌ಗಳು ದಪ್ಪ ದಪ್ಪ. ಮುಂದೆ?

ಬೂಟುಗಾರ

ಮೊದಲು ಫೈಲ್‌ಗಳು. ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್ ಸಿಕ್ಕಿಸಿ ಬೇಕಾದ್ದನ್ನೆಲ್ಲ ಕಾಪಿ ಮಾಡಿಕೊಳ್ಳಿ. ಸೇಫ್ ಮೋಡ್‌ನಲ್ಲಿ ಯುಎಸ್‌ಬಿ ಕೆಲಸ ಮಾಡುತ್ತೆ. ಕಾಪಿ ಮುಗಿಯುವವರೆಗೆ ಬೇರೆ ಏನೂ ಮುಟ್ಟಬೇಡಿ.

ಆಮೇಲೆ ಸ್ಟಾರ್ಟ್ ಮೇಲೆ ಬಲ ಕ್ಲಿಕ್, 'ಇವೆಂಟ್ ವ್ಯೂವರ್', 'ವಿಂಡೋಸ್ ಲಾಗ್ಸ್', 'ಸಿಸ್ಟಮ್'. ಮೂಲ 'ಡಿಸ್‌ಪ್ಲೇ' ಅಂತಲೂ ಐಡಿ 4101 ಅಂತಲೂ ಇರುವ ಸಾಲು ಇದ್ದರೆ, ಡ್ರೈವರ್ ಉತ್ತರ ಕೊಡುವುದು ನಿಲ್ಲಿಸಿ ಮತ್ತೆ ಎದ್ದಿದೆ ಅಂತ. 'ಡಿವೈಸ್ ಮ್ಯಾನೇಜರ್'ನಲ್ಲಿ 'ಡಿಸ್‌ಪ್ಲೇ ಅಡಾಪ್ಟರ್ಸ್' ಬಿಡಿಸಿ, ಕಾರ್ಡ್ ಹೆಸರಿನ ಮೇಲೆ ಎರಡು ಸಲ ಕ್ಲಿಕ್ಕಿಸಿ, 'ಡ್ರೈವರ್' ಟ್ಯಾಬ್‌ನಲ್ಲಿ ದಿನಾಂಕ ಮತ್ತು ವರ್ಷನ್ ನೋಡಿ ಇಲ್ಲಿ ಹಾಕಿ. 'ರೋಲ್ ಬ್ಯಾಕ್' ಬಟನ್ ಒತ್ತಲು ಬರುವಂತಿದ್ದರೆ ಅದೇ ಸುಲಭದ ದಾರಿ. ಮಸುಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ.

ಮಸಿಮಾನಿಟರ್

ಕಾಪಿ ಆಯಿತು. 4101 ಏಳೆಂಟು ಸಲ ಇದೆ. ಡ್ರೈವರ್ ದಿನಾಂಕ 2019 ಅಂತ ತೋರಿಸುತ್ತಿದೆ. ರೋಲ್ ಬ್ಯಾಕ್ ಮಸುಕು.

ಬೂಟುಗಾರ

2019ರ ಡ್ರೈವರ್! ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಅಪ್‌ಗ್ರೇಡ್ ಹಳೆಯದನ್ನೇ ಹೊತ್ತು ತಂದಿದೆ.

ಬೇರೆ ಕಂಪ್ಯೂಟರ್‌ನಲ್ಲಿ ಕಾರ್ಡ್ ತಯಾರಕರ ಜಾಲತಾಣಕ್ಕೆ ಹೋಗಿ ನಿಮ್ಮ ಮಾಡೆಲ್‌ಗೆ ಇರುವ ವಿಂಡೋಸ್ 11, 64 ಬಿಟ್ ಡ್ರೈವರ್ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ. ಜೊತೆಗೆ 'ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್', ಎಲ್ಲರೂ ಡಿಡಿಯು ಅನ್ನುವುದು. ನಿಮ್ಮ ಪಿಸಿಯ ನೆಟ್‌ವರ್ಕ್ ಕೇಬಲ್ ಕಿತ್ತು ಪಕ್ಕಕ್ಕಿಡಿ, ವೈಫೈ ಇದ್ದರೆ ಆಫ್ ಮಾಡಿ. ಸೇಫ್ ಮೋಡ್‌ನಲ್ಲೇ ಡಿಡಿಯು ತೆರೆದು ಬಲಗಡೆ 'ಜಿಪಿಯು', ಅದರ ಕೆಳಗೆ ತಯಾರಕರನ್ನು ಆರಿಸಿ 'ಕ್ಲೀನ್ ಅಂಡ್ ರೀಸ್ಟಾರ್ಟ್'. ಈ ಸಲ ಮಾಮೂಲಿ ಬೂಟ್‌ನಲ್ಲೇ ಚಿತ್ರ ಬರಬೇಕು. ಡ್ರೈವರ್ ಇಲ್ಲದ್ದರಿಂದ ವಿಂಡೋಸ್ ತನ್ನ 'ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಹಿಡಿದುಕೊಳ್ಳುತ್ತೆ. ಅಲ್ಲಿ ಹೊಸ ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿ.

ಗಡಿಬಿಡಿ64

ಇದೇ ಸಮಸ್ಯೆ ಅನ್ನಿಸಿ ಇಲ್ಲಿ ಕೇಳುತ್ತಿದ್ದೇನೆ. ವಿಂಡೋಸ್ 11ಕ್ಕೆ ಬೇಕು ಅಂತ ಬಯೋಸ್‌ನಲ್ಲಿ ಸಿಎಸ್‌ಎಂ ಆಫ್ ಮಾಡಿ ಸೇವ್ ಮಾಡಿದ್ದೇ ತಡ, ಲೋಗೋ ಕೂಡ ಬರುತ್ತಿಲ್ಲ. ಬಯೋಸ್‌ಗೂ ಹೋಗಲಾಗುತ್ತಿಲ್ಲ. ಫ್ಯಾನ್ ತಿರುಗುತ್ತೆ ಅಷ್ಟೇ. ಕಾರ್ಡ್ 2011ರದ್ದು.

ತಂತಿತಜ್ಞ

ನಿಮ್ಮದು ಬೇರೆ ಕಾಯಿಲೆ. ಸಿಎಸ್‌ಎಂ ಅನ್ನುವುದು ಹಳೇ ಬಯೋಸ್ ಪದ್ಧತಿಯ ಅನುಕರಣೆ. ಅದನ್ನು ಆಫ್ ಮಾಡಿದರೆ ಕಾರ್ಡ್‌ನ ವೀಡಿಯೊ ಬಯೋಸ್ ಒಳಗೆ ಯುಇಎಫ್‌ಐಗೆ (ಬಯೋಸ್‌ನ ಹೊಸ ಪದ್ಧತಿ) ಬೇಕಾದ 'ಜಿಒಪಿ' ಎಂಬ ಭಾಗ ಇರಲೇಬೇಕು. ಆ ಕಾಲದ ಬಹಳಷ್ಟು ಕಾರ್ಡ್‌ಗಳಲ್ಲಿ ಅದು ಇರಲಿಲ್ಲ. ಹಾಗಾಗಿ ಬಯೋಸ್ ಪರದೆಯನ್ನೂ ಬಿಡಿಸಲು ಅದಕ್ಕೆ ಬರುವುದಿಲ್ಲ.

ಪ್ರಾಸೆಸರ್‌ನಲ್ಲಿ ಗ್ರಾಫಿಕ್ಸ್ ಇದ್ದರೆ ಕಾರ್ಡ್ ಬಿಚ್ಚಿ ಮದರ್‌ಬೋರ್ಡ್ ಪೋರ್ಟ್‌ಗೆ ಕೇಬಲ್ ಹಾಕಿ ನೋಡಿ. ಇಲ್ಲವಾದರೆ ಸಿಮಾಸ್ (ಬಯೋಸ್ ಸೆಟ್ಟಿಂಗ್ ಉಳಿಯುವ ಜಾಗ) ಕ್ಲಿಯರ್ ಮಾಡಬೇಕು: ಪವರ್ ಕೇಬಲ್ ಗೋಡೆಯಿಂದ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ ಅನ್ನು ಉಗುರಿನಿಂದ ಕ್ಲಿಪ್ ಸರಿಸಿ ತೆಗೆಯಿರಿ. ಐದು ನಿಮಿಷ ಬಿಟ್ಟು ಅದೇ ಮಗ್ಗುಲಲ್ಲಿ, ಅಂದರೆ ಕೂಡು ಗುರುತು ಮೇಲೆ ಬರುವಂತೆ ಹಾಕಿ. ಮಾನಿಟರ್‌ನಲ್ಲಿ ಬಯೋಸ್ ಬರುತ್ತೆ, ಗಡಿಯಾರ ತಪ್ಪಿರುತ್ತೆ.

ಈಗ ಎಚ್ಚರಿಕೆ. ಕ್ಲಿಯರ್ ಆದಾಗ ಸೇಟಾ ಮೋಡ್ (ಡಿಸ್ಕ್ ಜೊತೆ ಮಾತಾಡುವ ವಿಧಾನ) ಕೂಡ ಮೂಲಕ್ಕೆ ಮರಳುತ್ತೆ. ವಿಂಡೋಸ್ ಹಾಕಿದಾಗ 'ರೇಡ್' ಇದ್ದು ಈಗ 'ಎಎಚ್‌ಸಿಐ' ಆಗಿದ್ದರೆ ಕಪ್ಪು ಹೋಗಿ ನೀಲಿ ದೋಷಪರದೆ ಬರುತ್ತೆ, ಹಿಂದಿನಂತೆ ಮಾಡಿದರೆ ಸಾಕು. ಬಿಟ್‌ಲಾಕರ್‌ನ ಗುಟ್ಟು ಕಾಯುವ ಫರ್ಮ್‌ವೇರ್ ಟಿಪಿಎಂ ಕೂಡ ಆಫ್ ಆಗಿರಬಹುದು, ಆಗ ಬಿಟ್‌ಲಾಕರ್ ಕೀ ಕೇಳುತ್ತೆ.

ಇಲಿಬಾಲ

ಗಡಿಬಿಡಿ64 ಅವರ ಡಿಸ್ಕ್ ಎಂಬಿಆರ್ (ಹಳೇ ಪಾರ್ಟಿಷನ್ ಪದ್ಧತಿ) ಆಗಿದ್ದರೆ ಕಾರ್ಡ್ ಸರಿಹೋದರೂ ಸಿಎಸ್‌ಎಂ ಇಲ್ಲದೆ ವಿಂಡೋಸ್ ಏಳುವುದಿಲ್ಲ. ಸಿಎಸ್‌ಎಂ ಆನ್ ಇಟ್ಟುಕೊಂಡೇ ವಿಂಡೋಸ್ 10ಕ್ಕೆ ಹೋಗಿ, ಅಡ್ಮಿನ್ ಪ್ರಾಂಪ್ಟ್‌ನಲ್ಲಿ, ಡಿಸ್ಕನ್ನು ಹೊಸ ಜಿಪಿಟಿ ಪದ್ಧತಿಗೆ ಬದಲಿಸುವ 'ಎಂಬಿಆರ್2ಜಿಪಿಟಿ' ಕಮಾಂಡ್‌ಗೆ 'ವ್ಯಾಲಿಡೇಟ್', 'ಡಿಸ್ಕ್:0', 'ಅಲೋಫುಲ್‌ಓಎಸ್' ಸ್ವಿಚ್ ಓರೆಗೆರೆ ಸಮೇತ ಕೊಟ್ಟು ಪರೀಕ್ಷಿಸಿ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ ಇಲ್ಲೇ ನಿಲ್ಲುತ್ತೆ. ದಾಟಿದರೆ ಬ್ಯಾಕಪ್ ಮಾಡಿ, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, 'ವ್ಯಾಲಿಡೇಟ್' ಬದಲು 'ಕನ್ವರ್ಟ್'. ಸಿಎಸ್‌ಎಂ ಆಫ್ ಮಾಡುವುದು ಅದಾದ ಮೇಲೆ. ಈ ಕಾರ್ಡ್ ಇಟ್ಟುಕೊಂಡು ಅದೂ ಆಗದು ಅನ್ನಿ.

ಮಸಿಮಾನಿಟರ್

ಹೊಸ ಡ್ರೈವರ್ ಹಾಕಿದೆ, ಡೆಸ್ಕ್‌ಟಾಪ್ ಪೂರ್ತಿ ರೆಸಲ್ಯೂಷನ್‌ನಲ್ಲಿ ಬಂತು. ಖುಷಿಯಲ್ಲಿ ನೆಟ್ ಕೇಬಲ್ ಸಿಕ್ಕಿಸಿದೆ. ಅರ್ಧ ಗಂಟೆಯಲ್ಲಿ ಸ್ಕ್ರೀನ್ ಒಮ್ಮೆ ಮಿಟುಕಿ ಮತ್ತೆ ಕಪ್ಪು!

ಬೂಟುಗಾರ

ವಿಂಡೋಸ್ ಅಪ್‌ಡೇಟ್ ತನ್ನ ಸಂಗ್ರಹದಲ್ಲಿದ್ದ ಡ್ರೈವರ್ ತಂದು ಮೇಲೆ ಹಾಕಿದೆ. ಮಿಟುಕಿದ್ದು ಅದೇ ಕ್ಷಣ.

ಮತ್ತೆ ಸೇಫ್ ಮೋಡ್, ಕೇಬಲ್ ಹೊರಗೆ, ಡಿಡಿಯು. ಈ ಸಲ ಡಿಡಿಯುವಿನ ಆಯ್ಕೆಗಳಲ್ಲಿ, ವಿಂಡೋಸ್ ಅಪ್‌ಡೇಟ್‌ನಿಂದ ಡ್ರೈವರ್ ಇಳಿಯದಂತೆ ತಡೆಯುವ ಗುರುತು ಹಾಕಿ. ಅದನ್ನು ಮರೆತರೆ ರನ್ ಪೆಟ್ಟಿಗೆಯಲ್ಲಿ 'ಸಿಸ್‌ಡಿಎಂ ಡಾಟ್ ಸಿಪಿಎಲ್', 'ಹಾರ್ಡ್‌ವೇರ್' ಟ್ಯಾಬ್, 'ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್', 'ನೋ'. ಆಮೇಲೆ ಡ್ರೈವರ್ ಹಾಕಿ, ನೆಟ್ ಇಲ್ಲದೆಯೇ ಎರಡು ಸಲ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. 'ಫಾಸ್ಟ್ ಸ್ಟಾರ್ಟ್‌ಅಪ್' ಆನ್ ಇದ್ದಾಗ ಶಟ್‌ಡೌನ್ ಮಾಡಿದರೆ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ಗೆ ಬರೆದಿಟ್ಟುಕೊಂಡು ಬೆಳಿಗ್ಗೆ ಅದನ್ನೇ ಎಬ್ಬಿಸುತ್ತೆ. ಕೆಟ್ಟ ಡ್ರೈವರ್ ಕೂಡ ಹಾಗೇ ಏಳುತ್ತೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರು. ಕೆಲವು ದಿನದ ಮಟ್ಟಿಗೆ 'ಪವರ್‌ಸಿಎಫ್‌ಜಿ /ಎಚ್ ಆಫ್' ಹೊಡೆದು ಅದನ್ನು ನಿಲ್ಲಿಸಿಡುವುದೇ ಕ್ಷೇಮ.

ಪೆಂಗ್ವಿನ್‌ಪ್ರಿಯೆ

ಲಿನಕ್ಸ್‌ನ ಉಬುಂಟು 22.04ರಿಂದ 24.04ಕ್ಕೆ ಹೋದವರೂ ಇದೇ ಎಳೆ ಹುಡುಕಿಕೊಂಡು ಬರುತ್ತಾರೆ, ಅವರಿಗೂ ಒಂದಿಷ್ಟು. ಆನ್ ಮಾಡಿದ ಕೂಡಲೇ ಯುಇಎಫ್‌ಐ ಮಶೀನ್‌ನಲ್ಲಿ ಎಸ್ಕೇಪ್ ಒಂದೇ ಸಲ ಒತ್ತಿ, ಹಳೇ ಬಯೋಸ್ ಆದರೆ ಶಿಫ್ಟ್ ಹಿಡಿಯಿರಿ. ಗ್ರಬ್, ಅಂದರೆ ಬೂಟ್ ಆಯ್ಕೆಯ ಪಟ್ಟಿ ಬರುತ್ತೆ. ಎಸ್ಕೇಪ್ ಹೆಚ್ಚಾಗಿ ಒತ್ತಿ 'ಗ್ರಬ್' ಪ್ರಾಂಪ್ಟ್ ಬಂದುಬಿಟ್ಟರೆ 'ನಾರ್ಮಲ್' ಅಂತ ಹೊಡೆಯಿರಿ. ಮೊದಲು 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಿ. ಅದರಲ್ಲಿ ಚಿತ್ರ ಬಂದರೆ ಹೊಸ ಕರ್ನಲ್‌ಗೆ ಡ್ರೈವರ್ ಮಾಡ್ಯೂಲ್ ಕಟ್ಟಿಕೊಂಡಿಲ್ಲ ಅಂತ ಅಲ್ಲೇ ಗೊತ್ತಾಗುತ್ತೆ.

ಬರದಿದ್ದರೆ ಉಬುಂಟು ಸಾಲಿನ ಮೇಲೆ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ 'ಕ್ವಯಟ್ ಸ್ಪ್ಲಾಶ್' ಅಳಿಸಿ 'ನೋಮೋಡ್‌ಸೆಟ್' ಬರೆದು ಎಫ್10. ಇದು ಆ ಒಂದು ಬೂಟ್‌ಗೆ ಮಾತ್ರ, ಒಳಗೆ ಹೋಗಿ ರಿಪೇರಿ ಮಾಡಲು ಸಿಕ್ಕ ಬಾಗಿಲು. ಕೆಲವರು ಇದನ್ನೇ ಗ್ರಬ್ ಫೈಲ್‌ನಲ್ಲಿ ಕಾಯಂ ಮಾಡಿ, ಆಮೇಲೆ ವೀಡಿಯೊ ತೊದಲುತ್ತೆ ಅಂತ ಕೇಳುತ್ತಾರೆ. ಗ್ರಾಫಿಕ್ಸ್ ಡ್ರೈವರ್ ಕೆಲಸವನ್ನೇ ತಡೆದ ಮೇಲೆ ತೊದಲದೆ ಇನ್ನೇನು?

ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅಕ್ಷರದ ಕನ್ಸೋಲ್ ಬಂದರೆ ಅಲ್ಲೇ ಮೊದಲು 'ಡಿಎಫ್ -ಎಚ್' ಹೊಡೆಯಿರಿ. ಡಿಸ್ಕ್ ನೂರು ಪರ್ಸೆಂಟ್ ತುಂಬಿದ್ದರೆ ಲಾಗಿನ್ ಪರದೆ ಏಳುವುದೇ ಇಲ್ಲ, ಸ್ಕ್ರೀನ್ ಕಪ್ಪು. ಡ್ರೈವರ್ ಮೇಲೆ ಸುಮ್ಮನೆ ತಪ್ಪು ಹೊರಿಸಿ ದಿನಗಟ್ಟಲೆ ಕಳೆಯುವುದು ಇಲ್ಲೇ. 'ಬೂಟ್' ಪಾರ್ಟಿಷನ್ ಬೇರೆ ಇದ್ದು ಅದು ತುಂಬಿದ್ದರೆ ಹೊಸ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಫೈಲ್) ಅರ್ಧಕ್ಕೇ ನಿಂತಿರುತ್ತೆ. ಜಾಗ ಬಿಡಿಸಿ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ', 'ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್', ಆಮೇಲೆ 'ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್'.

ಎನ್ವಿಡಿಯಾ ಕಾರ್ಡ್ ಇದ್ದವರು 'ಡಿಕೆಎಂಎಸ್ ಸ್ಟೇಟಸ್' (ಮಾಡ್ಯೂಲ್ ಕಟ್ಟಿಕೊಂಡಿದೆಯಾ) ಮತ್ತು 'ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್' (ಸೆಕ್ಯೂರ್ ಬೂಟ್ ಆನ್ ಇದೆಯಾ) ನೋಡಿ. ಸೆಕ್ಯೂರ್ ಬೂಟ್ ಆನ್ ಇದ್ದು ಮಾಡ್ಯೂಲ್‌ಗೆ ಒಪ್ಪಿಗೆಯ ಸಹಿ ಇಲ್ಲದಿದ್ದರೆ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ಅಪ್‌ಗ್ರೇಡ್ ನಂತರದ ರೀಸ್ಟಾರ್ಟ್‌ನಲ್ಲಿ ಬರುವ, ಆ ಸಹಿಯ ಕೀಗೆ ಒಪ್ಪಿಗೆ ಕೇಳುವ ನೀಲಿ 'ಮೋಕ್' ಪರದೆಗೆ ಹತ್ತು ಸೆಕೆಂಡ್ ಒಳಗೆ ಒಂದು ಕೀ ಒತ್ತಬೇಕು. ಚಹಾ ಕುಡಿಯಲು ಎದ್ದು ಹೋದವರಿಗೆ ಅದು ಕಾಣುವುದೇ ಇಲ್ಲ. 'ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ' ಕೊಟ್ಟು ತಾತ್ಕಾಲಿಕ ಪಾಸ್‌ವರ್ಡ್ ಇಟ್ಟು ರೀಸ್ಟಾರ್ಟ್ ಮಾಡಿದರೆ ಅದು ಮತ್ತೆ ಬರುತ್ತೆ. ಅಲ್ಲಿ 'ಎನ್‌ರೋಲ್ ಮೋಕ್', 'ಕಂಟಿನ್ಯೂ', 'ಯೆಸ್', ಪಾಸ್‌ವರ್ಡ್. ಇನ್ನೂ ಒಂದು: ಎನ್ವಿಡಿಯಾದ ಹಳೇ ಪೀಳಿಗೆಗಳಲ್ಲಿ ಫರ್ಮಿ ಕಾರ್ಡ್‌ಗೆ 390, ಕೆಪ್ಲರ್‌ಗೆ 470, ಅದೇ ಕೊನೇ ಡ್ರೈವರ್ ಶಾಖೆ. ಅದಕ್ಕಿಂತ ಹೊಸ ಶಾಖೆ ಹಾಕಿದರೆ ಕಾರ್ಡ್ ಗುರುತೇ ಸಿಗದೆ ಕಪ್ಪಾಗುತ್ತೆ. ಅಂಥವರು ಎನ್ವಿಡಿಯಾ ಪ್ಯಾಕೇಜ್‌ಗಳನ್ನು ಪರ್ಜ್ ಮಾಡಿ (ಪೂರ್ತಿ ಅಳಿಸಿ) ಉಬುಂಟು ಜೊತೆಗೇ ಬರುವ ನೂವೋ ಡ್ರೈವರ್‌ನಲ್ಲೇ ಇರುವುದು ವಾಸಿ.

ಹಳೆಗಣಕ

ಮೂರನೇ ಜಾತಿಯ ಬಗ್ಗೆ ಯಾರೂ ಹೇಳಲಿಲ್ಲ. ಲಾಗಿನ್ ಆಗುತ್ತೆ, ಬಾಣ ಓಡಾಡುತ್ತೆ, ಟಾಸ್ಕ್‌ಬಾರ್ ಇಲ್ಲ.

ಇಲಿಬಾಲ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. 'ರನ್ ನ್ಯೂ ಟಾಸ್ಕ್', 'ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ'. ಡೆಸ್ಕ್‌ಟಾಪ್ ಬಂದರೆ ಅದು ಶುರುವಿನಲ್ಲಿ ಯಾಕೆ ಏಳುತ್ತಿಲ್ಲ ಅಂತ ಹುಡುಕಬೇಕು. ರಿಜಿಸ್ಟ್ರಿಯಲ್ಲಿ ಲೋಕಲ್ ಮಶೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ವಿನ್‌ಲಾಗಾನ್ ತನಕ ಹೋಗಿ 'ಶೆಲ್' ಎದುರು 'ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ' ಮಾತ್ರ ಇರಬೇಕು. ಅದರ ಮುಂದೆ ಹಿಂದೆ ಬೇರೆ ಏನಾದರೂ ಅಂಟಿದ್ದರೆ ವೈರಸ್ ಸ್ಕ್ಯಾನ್ ಕೂಡ ಮಾಡಿ.

ಬಂದು ಬಂದು ಮತ್ತೆ ಮಾಯವಾಗುತ್ತಿದ್ದರೆ, ವಿಂಡೋಸ್ 10ರಲ್ಲಿ ಹಾಕಿಕೊಂಡಿದ್ದ ಟಾಸ್ಕ್‌ಬಾರ್, ಸ್ಟಾರ್ಟ್ ಮೆನು ಬದಲಿಸುವ ಪ್ರೋಗ್ರಾಮ್ ಇದೆಯಾ ನೋಡಿ. ಅವು ಎಕ್ಸ್‌ಪ್ಲೋರರ್ ಒಳಗೇ ಕೊಂಡಿ ಹಾಕಿಕೊಂಡಿರುತ್ತವೆ, ಒಳರಚನೆ ಬದಲಾದರೆ ಅದನ್ನೂ ಸೇರಿಸಿಕೊಂಡು ಬೀಳುತ್ತವೆ. ಸೇಫ್ ಮೋಡ್‌ನಲ್ಲಿ ಅದರ ಫೋಲ್ಡರ್ ಹೆಸರು ಬದಲಿಸಿದರೂ ಸಾಕು. ಯಾವುದು ಅಂತ ತಿಳಿಯದಿದ್ದರೆ 'ಎಂಎಸ್‌ಕಾನ್ಫಿಗ್', 'ಸರ್ವೀಸಸ್' ಟ್ಯಾಬ್, ಮೊದಲು 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವೀಸಸ್' ಗುರುತು ಹಾಕಿ ಆಮೇಲೆ 'ಡಿಸೇಬಲ್ ಆಲ್'. ಆ ಗುರುತು ಮರೆತರೆ ಇನ್ನೊಂದು ಎಳೆ ತೆರೆಯಬೇಕಾಗುತ್ತೆ.

ಮಸಿಮಾನಿಟರ್

ಎರಡನೇ ಸಲದ ಡಿಡಿಯು, ಅಪ್‌ಡೇಟ್ ತಡೆ, ಹೊಸ ಡ್ರೈವರ್, ನೆಟ್ ಇಲ್ಲದೆ ಎರಡು ರೀಸ್ಟಾರ್ಟ್, ನೆಟ್ ಹಾಕಿ ಒಂದು. ಚಿತ್ರ ನಿಂತಿದೆ. 4101 ಹೊಸದಾಗಿ ಬಂದಿಲ್ಲ. ಮತ್ತೆ ಕೆಟ್ಟರೆ ವಿಂಡೋಸ್ 10ಕ್ಕೆ ವಾಪಸ್ ಹೋಗಲು ಎಷ್ಟು ದಿನ ಇದೆ?

ಬೂಟುಗಾರ

ಅಪ್‌ಗ್ರೇಡ್ ಆದ ದಿನದಿಂದ ಹತ್ತು. ಆಮೇಲೆ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್ ತಾನಾಗೇ ಅಳಿಯುತ್ತೆ. ಆ ಹತ್ತು ದಿನದೊಳಗೇ ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಡಿಸ್ಮ್‌ಗೆ 'ಆನ್‌ಲೈನ್', 'ಸೆಟ್-ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ', 'ವ್ಯಾಲ್ಯೂ:60' ಕೊಟ್ಟರೆ ಅರವತ್ತು ದಿನಕ್ಕೆ ಏರುತ್ತೆ, ಅದಕ್ಕಿಂತ ಮೇಲಿಲ್ಲ. ಡಿಸ್ಕ್ ಕ್ಲೀನಪ್‌ನಲ್ಲಿ 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್ಸ್' ಗುರುತು ಹಾಕಿ ಅಳಿಸಿಬಿಡಬೇಡಿ. ಆದರೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಿಂದಕ್ಕೆ ಹೋದರೂ ಅಲ್ಲಿ ಬಹಳ ದಿನ ಕೂರುವಂತಿಲ್ಲ.

ಗಡಿಬಿಡಿ64

ಸೆಲ್ ತೆಗೆದು ಹಾಕಿದೆ, ಬಯೋಸ್ ಬಂತು. ಸೇಟಾ ಮೋಡ್ ನೀವು ಹೇಳಿದ ಹಾಗೇ ಬದಲಾಗಿತ್ತು, ಹಿಂದಿನಂತೆ ಮಾಡಿದೆ. ಸಿಎಸ್‌ಎಂ ಆನ್ ಇಟ್ಟಿದ್ದೇನೆ, ವಿಂಡೋಸ್ 10 ಎದ್ದಿದೆ. ಬೇರೆ ಕಾರ್ಡ್ ಸಿಗುವವರೆಗೆ ಬಯೋಸ್ ಕಡೆ ತಲೆ ಹಾಕುವುದಿಲ್ಲ.